ಏಪ್ರಿಲ್ ತಿಂಗಳ ನೀರು

ನಮ್ಮ ಕನ್ನಡ ಕೂಟದ ಮಕ್ಕಳಲ್ಲಿ ಮೂವರು ಈ ಬೇಸಿಗೆಗೆ ಕೆರೆ ದಂಡೆಯ ಜೀವರಕ್ಷಕರ ಕೆಲಸಕ್ಕೆ ಸೇರುತ್ತಿದ್ದಾರೆ. ಅವರಲ್ಲಿ ಒಬ್ಬಳು ಫೋನು ಮಾಡಿ, ನಿಮ್ಮ ಕಾಲದಲ್ಲಿ ಆ ಕೆಲಸ ಹೇಗಿತ್ತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬರೆದುಕೊಡುತ್ತೇನೆ, ಆದರೆ ಕನ್ನಡದಲ್ಲಿ ಬರೆಯುತ್ತೇನೆ, ಅಮ್ಮನ ಹತ್ತಿರ ಓದಿಸಿಕೊ ಎಂದೆ. ಕನ್ನಡದಲ್ಲೇ ಬರೆಯಲು ಕಾರಣವಿದೆ. ನನ್ನ ಕೆಲಸದ ಅತಿ ದೊಡ್ಡ ತಪ್ಪನ್ನು ನಾನು ಮಾಡಿದ್ದು ಕನ್ನಡದಲ್ಲಿ.

ಇಪ್ಪತ್ತೆರಡು ವರ್ಷ ನಾನು ಒಂದೇ ಕೆರೆಯ ನೀರು ಅಳೆದೆ. ಡ್ಯಾನ್‌ವಿಲ್‌ನಿಂದ ಮುಕ್ಕಾಲು ಗಂಟೆ ಹೋದರೆ ಒಣ ಗುಡ್ಡಗಳ ನಡುವೆ ಸಿಗುವ ಅಣೆಕಟ್ಟಿನ ಕೆರೆ ಅದು. ಹೆಸರು ಬರೆಯುವುದಿಲ್ಲ. ಉದ್ದ, ಇಕ್ಕಟ್ಟು, ದಂಡೆಯಿಂದ ನಾಲ್ಕು ಹೆಜ್ಜೆಗೆ ಆಳ. ನೋಡಿದರೆ ಬಿಸಿಲುನಾಡಿನ ಕೆರೆ. ಒಳಗಿರುವುದು ಮಾತ್ರ ಚಳಿಗಾಲದ ಮಳೆಯ ನೀರು ಮತ್ತು ಕಾಲುವೆಯಲ್ಲಿ ಬರುವ ಬೆಟ್ಟದ ಹಿಮದ ನೀರು.

ಅದಕ್ಕೆ ಮೊದಲು ನಾನು ಉತ್ತರ ಕರ್ನಾಟಕದ ಒಂದು ಹವಾಮಾನ ವೀಕ್ಷಣಾಲಯದಲ್ಲಿ ಎಂಟು ವರ್ಷ ವೀಕ್ಷಕಿಯಾಗಿದ್ದೆ. ಬೆಳಿಗ್ಗೆ ಎಂಟೂವರೆ, ಸಂಜೆ ಐದೂವರೆ. ಒಂದು ನಿಮಿಷ ಆಚೀಚೆ ಇಲ್ಲ. ಬಿಳಿ ಮರದ ಪೆಟ್ಟಿಗೆಯ ಬಾಗಿಲು ತೆರೆದು, ಉಸಿರು ಹಿಡಿದು, ಮೊದಲು ದಶಮಾಂಶ ಓದಬೇಕು, ಆಮೇಲೆ ಪೂರ್ಣಾಂಕ. ಹತ್ತಿರ ನಿಂತವರ ಮೈಬಿಸಿಗೆ ಪಾದರಸ ಏರುತ್ತದೆ, ಆದ್ದರಿಂದ ಬೇಗ ಬದಲಾಗುವುದನ್ನು ಬೇಗ ಓದಬೇಕು. ಮಗನಿಗೆ ಜ್ವರ ಬಂದ ದಿನವೂ, ಅತ್ತೆ ತೀರಿಕೊಂಡ ದಿನವೂ ನನ್ನ ಪುಸ್ತಕದಲ್ಲಿ ಎಂಟೂವರೆಯ ಅಂಕಿ ಇದೆ. ಅದು ನನ್ನ ಹೆಮ್ಮೆಯಾಗಿತ್ತು.

ನಮ್ಮ ಯಜಮಾನರಿಗೆ ಸಾಂಟಾ ಕ್ಲಾರಾದ ಚಿಪ್ ಕಂಪನಿಯಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದೆವು. ಎಂಬತ್ತರ ದಶಕದ ಆರಂಭದ ವರ್ಷಗಳು. ಹೇವರ್ಡ್‌ನಲ್ಲಿ ಮನೆ. ಪತ್ರಿಕೆಯ ಜಾಹೀರಾತು ನೋಡಿ ಅರ್ಜಿ ಹಾಕಿದೆ. ನೀರಿನ ಉಷ್ಣತೆ, ಬಣ್ಣ, ಮಟ್ಟ ಅಳೆದು ಬರೆದಿಡುವ ಕೆಲಸ. ಬೇಸಿಗೆಯಲ್ಲಿ ಈಜುವ ದಂಡೆಯ ಮೇಲೆ ಕಣ್ಣಿಡುವುದೂ ಸೇರಿತ್ತು. ಆ ಕೆಲಸಕ್ಕೆ ಈಜು ಪರೀಕ್ಷೆ ಕಡ್ಡಾಯ. ಸೀರೆ ಬಿಟ್ಟು ಬೇರೇನೂ ಉಡದಿದ್ದ ನಾನು ಮೂವತ್ತೈದನೆಯ ವಯಸ್ಸಿನಲ್ಲಿ ಹೇವರ್ಡ್‌ನ ಈಜುಕೊಳದಲ್ಲಿ ಐದು ತಿಂಗಳು ಕಲಿತು ಪಾಸಾದೆ.

ಧಾರವಾಡದವರಾದ ಯಜಮಾನರು, "ಇಷ್ಟು ಓದಿ, ಏಳು ಸಮುದ್ರ ದಾಟಿ ಬಂದು ಕೆರಿ ಕಾಯೂ ಕೆಲಸ ಹಿಡದಿ ನೋಡು" ಎಂದರು. ಕೂಟದ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದೆ. ಸಾಂಟಾ ಕ್ಲಾರಾದ ಒಂದು ಸತ್ಯನಾರಾಯಣ ಪೂಜೆಯಲ್ಲಿ ಒಬ್ಬರು ಪ್ರಸಾದ ಹಂಚುತ್ತಲೇ, "ಇಂದಕ್ಕ, ನೀವು ದಿನಾ ಕೆರೆಗೆ ಹೋಗೋದು ಎಮ್ಮೆ ತೊಳೆಯೋಕಂತೆ, ಹೌದಾ?" ಎಂದು ಕೇಳಿದರು. ಎಮ್ಮೆಗಳೆಲ್ಲ ಇಲ್ಲೇ ಇದ್ದೀರಲ್ಲ ಎಂದೆ. ಆಮೇಲೆ ಒಂದು ವರ್ಷ ಅವರು ಮಾತಾಡಲಿಲ್ಲ.

ನನ್ನ ಮೇಲಧಿಕಾರಿ ವಾಲ್ಟ್. ಅರವತ್ತರ ಹತ್ತಿರದ ವಯಸ್ಸು, ಹರೆಯದಲ್ಲಿ ಉತ್ತರದ ಸಮುದ್ರಗಳಲ್ಲಿ ಮೀನುದೋಣಿಯಲ್ಲಿ ದುಡಿದವನು. ಬಲಗೈಯಲ್ಲಿ ಎರಡು ಬೆರಳು ಅರ್ಧಕ್ಕೆ ನಿಂತಿದ್ದವು. ಮೊದಲ ದಿನ ನಾನು ದೋಣಿಕಟ್ಟೆಯ ತುದಿಯಿಂದ ಬಕೆಟ್ಟು ಇಳಿಸಿ, ನೀರೆತ್ತಿ, ಥರ್ಮಾಮೀಟರ್ ಇಟ್ಟು, ಓದಿ, ಅರವತ್ತೊಂದು ಪಾಯಿಂಟ್ ಮೂರು ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದುಕೊಟ್ಟೆ. ಅವನು ಅದನ್ನು ನೋಡಿ, "ಆ ಮೂರು ಯಾರಿಗೆ?" ಎಂದು ಕೇಳಿದ.

ನನಗೆ ಸಿಟ್ಟು ಬಂತು. ಅವನು ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಕೆರೆಯ ನಡುವೆ ಹೋದ. ಹಗ್ಗಕ್ಕೆ ಕಟ್ಟಿದ ಭಾರದ ಬಾಟಲಿಯನ್ನು ಐದು ಅಡಿಗೆ, ಹತ್ತು ಅಡಿಗೆ, ಇಪ್ಪತ್ತು ಅಡಿಗೆ ಇಳಿಸಿ ನನ್ನಿಂದಲೇ ಓದಿಸಿದ. ಮೇಲೆ ಅರವತ್ತೊಂದು ಇದ್ದ ನೀರು ಇಪ್ಪತ್ತು ಅಡಿಯಲ್ಲಿ ಐವತ್ತಮೂರು. ಜನರಿಗೆ ಕಾಣಲೆಂದು ದಂಡೆಯ ಫಲಕದ ಮೇಲೆ ನಾವು ಹಾಕುವ ಅಂಕಿ ಮೊಳಕೈ ಅದ್ದುವಷ್ಟು ನೀರಿನದು, ಜನ ಮಾತ್ರ ಪೂರ್ತಿ ಇಳಿಯುತ್ತಾರೆ ಎಂದ. ಅದು ನನ್ನ ಮೊದಲ ಪಾಠ. ತಲೆಗೆ ಹೋಯಿತು. ಎಷ್ಟು ಆಳಕ್ಕೆ ಹೋಯಿತು ಎಂಬುದು ಮುಂದೆ ಗೊತ್ತಾಯಿತು.

ಕೆರೆಯ ವರ್ಷ ಹೀಗೆ. ಜನವರಿಯಲ್ಲಿ ಮೇಲಿನಿಂದ ತಳದವರೆಗೆ ಒಂದೇ ಚಳಿ, ಐವತ್ತರ ಆಸುಪಾಸು. ಆಗ ಯಾರೂ ಇಳಿಯುವುದಿಲ್ಲ, ಆದ್ದರಿಂದ ಯಾರೂ ಸಾಯುವುದಿಲ್ಲ. ಮಾರ್ಚಿನಲ್ಲಿ ಗುಡ್ಡ ಹಸಿರಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿ ಬೆಚ್ಚಗಾಗಿ ಜನ ಅಂಗಿ ಬಿಚ್ಚುತ್ತಾರೆ. ನೀರು ಇನ್ನೂ ಜನವರಿಯಲ್ಲೇ ಇರುತ್ತದೆ. ಜುಲೈನಲ್ಲಿ ಮೇಲಿನ ಪದರ ಎಪ್ಪತ್ತು ದಾಟುತ್ತದೆ. ಅದರ ಕೆಳಗೆ ಒಂದು ಗೆರೆ ಎಳೆದಂತೆ ಚಳಿ ಶುರುವಾಗುತ್ತದೆ. ಮೇಲಿನಿಂದ ಜಿಗಿದವನು ಆ ಗೆರೆ ದಾಟಿದ ಕೂಡಲೇ ಉಸಿರು ಎಳೆದುಕೊಳ್ಳುತ್ತಾನೆ. ಸೆಪ್ಟೆಂಬರಿನಲ್ಲಿ ಗಾಳಿ ತಣ್ಣಗಾದರೂ ನೀರು ಬೆಚ್ಚಗೆ, ಅದು ಅತ್ಯಂತ ಸುರಕ್ಷಿತ ತಿಂಗಳು, ಆಗ ದಂಡೆ ಖಾಲಿ. ಕೆರೆ ಯಾವಾಗಲೂ ಗಾಳಿಗಿಂತ ಎರಡು ತಿಂಗಳು ಹಿಂದೆ. ಇದಿಷ್ಟು ಬಾಯಿಪಾಠ ಮಾಡಿಕೊಳ್ಳಿ.

ಎರಡನೆಯ ವರ್ಷದ ಮೇ ತಿಂಗಳಲ್ಲಿ ಡ್ಯಾನ್‌ವಿಲ್‌ನ ಒಬ್ಬ ಶಾಲಾ ಮಾಸ್ತರು ಈಚೆ ದಂಡೆಯಿಂದ ಆಚೆ ದಂಡೆಗೆ ಈಜಲು ಹೊರಟರು. ಒಳ್ಳೆಯ ಈಜುಗಾರರು. ಮುಕ್ಕಾಲು ದಾರಿಯಲ್ಲಿ ಕೈ ಬೀಸುವುದು ನಿಧಾನವಾಯಿತು. ನಾನು ದೋಣಿ ತೆಗೆದುಕೊಂಡು ಹೋಗಿ ಎಳೆದು ಹಾಕಿಕೊಂಡೆ. ತುಟಿ ನೀಲಿ, ಆದರೆ ನಗುತ್ತಿದ್ದರು, ಶಾಲೆಯಲ್ಲಿ ಹೇಳಬೇಡಿ ಎಂದು ತಮಾಷೆ ಮಾಡುತ್ತಿದ್ದರು. ನಮ್ಮ ಅಜ್ಜಿ ಮಾಡುತ್ತಿದ್ದಂತೆ ನಾನು ಅಂಗಾಲು, ಮೀನಖಂಡ ಚೆನ್ನಾಗಿ ತಿಕ್ಕಿದೆ. ದಂಡೆಗೆ ಬಂದ ಮೇಲೆ ಮೈ ಬಿಸಿಯಾಗಲಿ ಎಂದು ಆಫೀಸಿನವರೆಗೆ ನಡೆಸಿದೆ. ಬಾಗಿಲ ಹತ್ತಿರ ಅವರು ಮಾತು ಅರ್ಧಕ್ಕೆ ನಿಲ್ಲಿಸಿ ಕುಸಿದರು.

ಅವರು ಉಳಿದರು. ನನ್ನಿಂದ ಉಳಿದದ್ದಲ್ಲ. ವಾಲ್ಟ್ ಬಂದು ಮಲಗಿಸಿ, ಒದ್ದೆ ಬಟ್ಟೆ ಕತ್ತರಿಸಿ ತೆಗೆದು, ಎದೆ ಹೊಟ್ಟೆಗೆ ಕಂಬಳಿ ಸುತ್ತಿ, ಆಂಬುಲೆನ್ಸು ಬರುವವರೆಗೆ ಕೈಕಾಲು ಮುಟ್ಟಬೇಡ ಎಂದ. ಚಳಿ ಹಿಡಿದವನ ಕೈಕಾಲಿನಲ್ಲಿ ತಣ್ಣನೆಯ ರಕ್ತ ನಿಂತಿರುತ್ತದೆ. ತಿಕ್ಕಿದರೆ, ನಡೆಸಿದರೆ ಅದು ಒಮ್ಮೆಲೇ ಹೃದಯಕ್ಕೆ ಹೋಗುತ್ತದೆ. ಹಾಗಾಗಿ ಮಲಗಿಸಿ, ಒಣಗಿಸಿ, ಸುತ್ತಿ, ಸುಮ್ಮನಿರಿ. ಅಜ್ಜಿಯ ಕೈಮದ್ದು ಅಲ್ಲಿ ಬೇಡ.

ಮೇಲಧಿಕಾರಿಗಳ ಮೇಲಧಿಕಾರಿಯೂ ಒಬ್ಬನಿದ್ದ. ಮುಖ್ಯ ಕಚೇರಿಯಿಂದ ತಿಂಗಳಿಗೊಮ್ಮೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬರುತ್ತಿದ್ದ. ಬೇಸಿಗೆಯ ಮೊದಲ ರಜೆಗೆ ಜನ ಹೆಚ್ಚು ಬರಲೆಂದು, ಬೆಳಿಗ್ಗೆ ಬದಲು ಮಧ್ಯಾಹ್ನ ಮೂರಕ್ಕೆ, ದೋಣಿಕಟ್ಟೆಯ ಬದಲು ಮಕ್ಕಳು ಆಡುವ ಮೊಣಕಾಲು ನೀರಿನಲ್ಲಿ ಅಳೆಯಿರಿ ಎಂದು ಆದೇಶ ಕೊಟ್ಟ. ನಾನು ಆದೇಶದಂತೆ ಸರಿಯಾಗಿ ಮೂರಕ್ಕೆ ಅಳೆದು, ಎಪ್ಪತ್ತೆರಡು ಎಂದು ಫಲಕಕ್ಕೆ ಹಾಕಿದೆ. ನನ್ನ ಓದಿನಲ್ಲಿ ತಪ್ಪಿರಲಿಲ್ಲ. ವಾಲ್ಟ್ ಏಣಿ ಹತ್ತಿ ಎರಡೂ ಅಂಕಿಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಆ ಬೇಸಿಗೆಯಿಡೀ ನೀರಿನ ಜಾಗ ಖಾಲಿ ಇತ್ತು. ಸರಿಯಾಗಿ ಓದುವುದೂ ಸರಿ ಹೇಳುವುದೂ ಒಂದೇ ಅಲ್ಲ ಎಂದು ನನಗೆ ಎರಡು ಸಲ ತೋರಿಸಿಕೊಟ್ಟ ಹಾಗಾಯಿತು. ಮೂರನೆಯ ಸಲ ತೋರಿಸಲು ಅವನು ನನ್ನ ಪಕ್ಕದಲ್ಲಿರಲಿಲ್ಲ, ನಾನೊಬ್ಬಳೇ ಇದ್ದೆ.

ಅದು ಆ ದಶಕದ ಮಧ್ಯದ ಒಂದು ಏಪ್ರಿಲ್.

ರಂಗನಾಥ ಮೈಸೂರಿನವನು, ಸಾಂಟಾ ಕ್ಲಾರಾದಲ್ಲಿ ಇಂಜಿನಿಯರು. ಹೆಂಡತಿ ಪದ್ಮಾ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು. ಪದ್ಮಾಳ ತಮ್ಮ ನಾಗರಾಜ ಹೇವರ್ಡ್‌ನ ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದ. ಎಲ್ಲರೂ ನಮ್ಮ ಮನೆಗೆ ಬಂದುಹೋಗುವವರು. ಆ ತಿಂಗಳು ಮೈಸೂರಿನಲ್ಲಿ ರಂಗನಾಥನ ತಂದೆ ತೀರಿಕೊಂಡರು. ಗ್ರೀನ್‌ಕಾರ್ಡಿನ ಕಾಗದ ನಡುವೆ ಇದ್ದುದರಿಂದ ಅವನು ದೇಶ ಬಿಟ್ಟು ಹೋಗುವಂತಿರಲಿಲ್ಲ. ಅಣ್ಣ ಅಲ್ಲಿ ಕರ್ಮ ಮಾಡುತ್ತಿದ್ದ. ಇವನಿಗೆ ಉಳಿದದ್ದು ಒಂದೇ. ಹತ್ತನೆಯ ದಿನ ತೆರೆದ ನೀರಿನಲ್ಲಿ, ಉಟ್ಟ ಬಟ್ಟೆಯಲ್ಲಿ, ಮೂರು ಮುಳುಗು ಹಾಕಿ ತಂದೆಗೆ ನೀರು ಬಿಡುವುದು. ಮನೆಯ ಪುರೋಹಿತರು ಫೋನಿನಲ್ಲಿ ಅಷ್ಟು ಹೇಳಿದ್ದರು. ನಲ್ಲಿ ನೀರು ಅವನಿಗೆ ಒಪ್ಪಿಗೆಯಾಗಲಿಲ್ಲ. ಹೋಗದೆ ಇದ್ದವನಿಗೆ ಅಷ್ಟಾದರೂ ಸರಿಯಾಗಿ ಮಾಡಬೇಕೆನ್ನುವ ಹಟ.

ಹಿಂದಿನ ಸಂಜೆ ನನಗೆ ಫೋನು ಮಾಡಿದ. ನಿಮ್ಮ ಕೆರೆಯಲ್ಲಿ ಮಾಡಬಹುದೇ ಎಂದು ಕೇಳಿದ. ದಂಡೆ ಇನ್ನೂ ತೆರೆದಿಲ್ಲ, ಜೀವರಕ್ಷಕರಿಲ್ಲ, ಆದರೆ ನಿಷೇಧವೇನೂ ಇಲ್ಲ ಎಂದೆ. ಕೆಸರಿನಲ್ಲಿ ಕಾಲಿಡುವುದು ಬೇಡ, ದೋಣಿ ಇಳಿಸುವ ಸಿಮೆಂಟಿನ ಇಳಿಜಾರಿಗೆ ಬಾ, ಒಂಬತ್ತಕ್ಕೆ ನಾನು ಅಲ್ಲೇ ಇರುತ್ತೇನೆ ಎಂದೆ. ಆಮೇಲೆ ಅವನು ಕೇಳಿದ:

"ನೀರು ಹೇಗಿದೆ ಇಂದಕ್ಕ?"

"ಇವತ್ತು ಐವತ್ತೇಳು."

"ನಂಗೆ ಈ ಫ್ಯಾರನ್‌ಹೀಟು ಇವತ್ತಿಗೂ ತಲೆಗೆ ಹತ್ತಲ್ಲ. ನಮ್ಮ ಲೆಕ್ಕದಲ್ಲಿ ಹೇಳಿ."

"ಹದಿನಾಲ್ಕು. ನಿಮ್ಮ ಮೈಸೂರಲ್ಲಿ ಜನವರಿ ಬೆಳಿಗ್ಗೆ ಇರುತ್ತಲ್ಲ, ಅಷ್ಟೇ. ಚಳಿ ಇರುತ್ತೆ, ಬೇಗ ಮುಗಿಸಿ ಬಂದ್ಬಿಡು."

"ಅಷ್ಟೇನಾ. ಸರಿ ಹಾಗಾದ್ರೆ."

ಇದೇ ಆ ತಪ್ಪು. ಇಂಗ್ಲಿಷಿನಲ್ಲಿ ಯಾರಾದರೂ ಕೇಳಿದ್ದರೆ, ಐವತ್ತೇಳು ಡಿಗ್ರಿ ನೀರಿಗೆ ಇಳಿಯಬೇಡಿ, ಉಸಿರು ನಿಮ್ಮ ಹತೋಟಿಯಲ್ಲಿ ಇರುವುದಿಲ್ಲ ಎಂದು ಹೇಳುತ್ತಿದ್ದೆ. ನಾಲ್ಕು ವರ್ಷ ಹಾಗೆಯೇ ಹೇಳಿದ್ದೆ. ಕನ್ನಡದಲ್ಲಿ ಡಿಗ್ರಿ ಎಂದ ಕೂಡಲೇ ನನ್ನ ಬಾಯಿಗೆ ಬಂದದ್ದು ವೀಕ್ಷಣಾಲಯದ ಬಿಳಿ ಪೆಟ್ಟಿಗೆಯ ಡಿಗ್ರಿ, ಗಾಳಿಯ ಡಿಗ್ರಿ. ಹದಿನಾಲ್ಕು ಡಿಗ್ರಿ ಗಾಳಿಗೆ ಒಂದು ಶಾಲು ಸಾಕು. ಹದಿನಾಲ್ಕು ಡಿಗ್ರಿ ನೀರು ಮೈಯ ಬಿಸಿಯನ್ನು ಅದಕ್ಕಿಂತ ಎಷ್ಟೋ ಪಟ್ಟು ಬೇಗ ಕಸಿದುಕೊಳ್ಳುತ್ತದೆ. ಫೋನು ಇಟ್ಟ ಮೇಲೂ ನನಗೆ ಹೊಳೆಯಲಿಲ್ಲ. ಒಳ್ಳೆಯ ಸಹಾಯ ಮಾಡಿದೆನೆಂದುಕೊಂಡು ಅಡಿಗೆಗೆ ಹೋದೆ.

ಇನ್ನೊಂದನ್ನೂ ನಾನು ಯೋಚಿಸಬೇಕಿತ್ತು. ಇಲ್ಲಿಯ ಜನ ತಣ್ಣೀರಿಗೆ ಕಾಲಿಟ್ಟು, ಕಿರುಚಿ, ಸೊಂಟದವರೆಗೆ ಹೋಗಿ, ಹಿಂದೆ ಬರುತ್ತಾರೆ. ತಲೆ ಒದ್ದೆಯಾಗುವುದು ಕೊನೆಗೆ. ನಮ್ಮ ಮುಳುಗಿನಲ್ಲಿ ತಲೆಯೇ ಮೊದಲು. ಮೈಗೆ ತಣ್ಣೀರು ತಾಗಿ, ಬೇಡವೆಂದರೂ ಬಾಯಿ ತೆರೆದು ಉಸಿರು ಎಳೆದುಕೊಳ್ಳುವ ಆ ಕ್ಷಣದಲ್ಲೇ ನಾವು ತಲೆಯನ್ನು ನೀರಿನೊಳಗೆ ಇಟ್ಟಿರುತ್ತೇವೆ. ಮೂಗು ಹಿಡಿದಿರುತ್ತೇವೆ, ಬಾಯಿಯನ್ನು ಹಿಡಿಯುವವರಿಲ್ಲ. ಅದೂ ಒಂದಲ್ಲ, ಮೂರು ಸಲ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಅವರ ಕಾರು ಬಂತು. ಆಗಲೇ ಬಿಸಿಲು ಬೆಚ್ಚಗಿತ್ತು. ರಂಗನಾಥ ಹಿಂದಿನ ದಿನದಿಂದ ಊಟ ಮಾಡಿರಲಿಲ್ಲ. ಪಂಚೆ ಉಟ್ಟಿದ್ದ, ಬರಿಮೈ. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಪದ್ಮಾ ಬಂದಿದ್ದಳು, ಕೈಯಲ್ಲಿ ಒಣ ಟವೆಲು. ಅವಳು ಕಾರಿನ ಹತ್ತಿರವೇ ನಿಂತಳು. ನಾಗರಾಜ ಇಳಿಜಾರಿನ ನೀರಂಚಿನಲ್ಲಿ ನಿಂತ.

ನಾನು ಅವರ ಪಕ್ಕದಲ್ಲಿ ನಿಲ್ಲಲಿಲ್ಲ. ಒಂಬತ್ತು ಗಂಟೆ ನನ್ನ ರೀಡಿಂಗಿನ ಹೊತ್ತು. ಮೂವತ್ತು ಹೆಜ್ಜೆ ಆಚೆ ದೋಣಿಕಟ್ಟೆಯ ತುದಿಗೆ ಹೋಗಿ ಬಕೆಟ್ಟು ಇಳಿಸಿದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು.

ಅವನು ಎದೆ ನೀರಿನವರೆಗೆ ಬೇಗ ಬೇಗ ನಡೆದ. ಮೂಗು ಹಿಡಿದು ಮುಳುಗಿದ. ಎದ್ದ. ನಾಗರಾಜ "ಒಂದು" ಎಂದ. ರಂಗನಾಥನ ಬಾಯಿ ತೆರೆದಿತ್ತು, ಭುಜ ಕಿವಿಯವರೆಗೆ ಏರಿತ್ತು, ಶಬ್ದ ಬರುತ್ತಿರಲಿಲ್ಲ. ಮತ್ತೆ ಮುಳುಗಿದ.

ನಾಗರಾಜ ಎರಡು ಎನ್ನಲು ಕಾಯುತ್ತಿದ್ದ. ತಲೆ ಮೇಲೆ ಬಂದ ಮೇಲೆ ತಾನೆ ಎಣಿಸುವುದು.

ತಲೆ ಬರಲಿಲ್ಲ. ಆ ಸಿಮೆಂಟಿನ ಮೇಲೆ ನೀರೊಳಗೆ ಪಾಚಿ ಇತ್ತು, ಇಳಿಜಾರು ಬೇರೆ. ನಾನು ಓಡಿ ಬಂದು ಇಳಿದೆ. ಎದೆಯವರೆಗೆ ಹೋದಾಗ ನನ್ನ ಉಸಿರೂ ಕಟ್ಟಿತು. ಕೆರೆಯ ನಡುವೆ ಇದ್ದ ವಾಲ್ಟನ ಹೆಸರು ಕೂಗಲು ಬಾಯಿ ತೆರೆದರೆ ಧ್ವನಿ ಹೊರಡಲಿಲ್ಲ. ಕೂಗಿದ್ದು ಪದ್ಮಾ. ವಾಲ್ಟ್ ದೋಣಿಯಲ್ಲಿ ಬಂದು ಕೊಕ್ಕೆಕೋಲಿನಿಂದ ಹುಡುಕಿ ಎಳೆದ. ಇಳಿಜಾರು ಮುಗಿಯುವಲ್ಲಿ ಸಿಕ್ಕಿದ. ಪಂಚೆ ಎರಡು ಮೊಣಕಾಲಿಗೂ ಸುತ್ತಿಕೊಂಡಿತ್ತು. ದಂಡೆಯಲ್ಲಿ ನಾನೂ ವಾಲ್ಟನೂ ಸರದಿಯಂತೆ ಎದೆ ಒತ್ತಿದೆವು, ಉಸಿರು ಊದಿದೆವು. ಹೆಲಿಕಾಪ್ಟರ್ ಬಂತು. ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೋಗಿಬಿಟ್ಟನೆಂದರು.

ಆ ದಿನದ ಪುಸ್ತಕದಲ್ಲಿ ಒಂಬತ್ತು ಗಂಟೆಯ ಅಂಕಿ ಇದೆ. ಐವತ್ತೇಳು ಪಾಯಿಂಟ್ ಎರಡು. ಸಂಜೆ ನಾನೇ ಬರೆದೆ. ಯಾಕೆ ಬರೆದೆನೆಂದು ಕೇಳಬೇಡಿ.

ಸಾವು ಆದರೆ ತುಂಬಬೇಕಾದ ಒಂದು ಫಾರಂ ಇತ್ತು. ಅದರಲ್ಲಿ, ನೀರಿಗೆ ಇಳಿಯುವ ಮೊದಲು ಎಚ್ಚರಿಕೆ ಕೊಡಲಾಗಿತ್ತೇ ಎಂಬ ಪ್ರಶ್ನೆ. ಹೌದು ಎಂದು ಗುರುತು ಹಾಕಿದೆ. ಏನೆಂದು ಹೇಳಿದೆ ಎಂದು ವಾಲ್ಟ್ ಕೇಳಿದ. ಚಳಿ ಇರುತ್ತದೆ, ಬೇಗ ಮುಗಿಸು ಎಂದು ಹೇಳಿದ್ದನ್ನು ಇಂಗ್ಲಿಷಿನಲ್ಲಿ ಬರೆದೆ. ಅದು ಸುಳ್ಳಲ್ಲ. ಮೈಸೂರಿನ ಜನವರಿಯನ್ನು ಬಿಟ್ಟೆ. ಆಫೀಸಿನಲ್ಲಿ ಕನ್ನಡ ಬಲ್ಲವರಿಲ್ಲ. ಕೇಳಿಸಿಕೊಂಡವನು ಇಲ್ಲ.

ಹನ್ನೆರಡು ದಿನ ಹಾಗೆ ಕಳೆಯಿತು. ಅಷ್ಟರಲ್ಲಿ ನಮ್ಮ ಜನರ ಬಾಯಿಗೆ ನಾಗರಾಜ ಬಿದ್ದಿದ್ದ. ಭಾವ ಉಸಿರಿಗೆ ಒದ್ದಾಡುತ್ತಿದ್ದರೂ ಇವನು ಲೆಕ್ಕ ಹಾಕುತ್ತ ನಿಂತನಂತೆ ಎಂದು ಒಬ್ಬರು. ಎಣಿಸಿ ಎಣಿಸಿ ಮುಳುಗಿಸಿದ ಎಂದು ಇನ್ನೊಬ್ಬರು. ಇದನ್ನು ಅವನೆದುರಿಗೇ, ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಊಟದಲ್ಲಿ, ಸಾರು ಬಡಿಸುತ್ತ ಒಬ್ಬ ಹಿರಿಯರು ಹೇಳಿದರು. ಅವನು ಎಲೆ ಬಿಟ್ಟು ಎದ್ದು ಹೋದ. ಎಲ್ಲರೂ ಊಟ ಮುಂದುವರಿಸಿದರು. ನಾನೂ ಅಲ್ಲೇ ಕೂತಿದ್ದೆ.

ಮಾರನೆಯ ದಿನ ವಾಲ್ಟನಿಗೆ ಪೂರ್ತಿ ಹೇಳಿದೆ. ಅವನು ಅರ್ಧ ಬೆರಳುಗಳಿಂದ ಮೇಜು ತಟ್ಟಿದ. ಇದನ್ನು ಬರೆದರೆ ನಿನ್ನ ಕೆಲಸ ಹೋಗಬಹುದು, ಬರೆಯದಿದ್ದರೆ ಇಂಥ ಫೋನು ಮುಂದೆ ಬಂದಾಗ ಏನು ಹೇಳಬಾರದು ಎಂದು ಯಾರಿಗೂ ಗೊತ್ತಾಗುವುದಿಲ್ಲ, ಹೊಸ ಫಾರಂ ಎರಡನೇ ಖಾನೆಯಲ್ಲಿದೆ ಎಂದ. ಎದ್ದು ದೋಣಿಗೆ ಹೋದ. ನಾನು ಹೊಸ ಫಾರಂ ತೆಗೆದು ಕನ್ನಡದ ಮಾತನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದೆ.

ಕೆಲಸ ಹೋಗಲಿಲ್ಲ. ಒಂದು ಛೀಮಾರಿ ಪತ್ರ ಬಂತು, ಇವತ್ತಿಗೂ ನನ್ನ ಹತ್ತಿರ ಇದೆ. ಇಳಿಜಾರಿನಲ್ಲಿ ನೀರಿಗಿಳಿಯುವುದು ನಿಷಿದ್ಧವಾಯಿತು. ಫಲಕದಲ್ಲಿ ಅಂಕಿಯ ಕೆಳಗೆ ಮಾತು ಬಂತು. ಅರವತ್ತಕ್ಕಿಂತ ಕೆಳಗಿದ್ದರೆ, ಈ ನೀರಿನಲ್ಲಿ ಮೊದಲ ನಿಮಿಷವೇ ಅಪಾಯ ಎಂದು. ಮುಂದಿನ ವರ್ಷ ಬಕೆಟ್ಟೂ ಬಾಟಲಿಯೂ ಹೋಗಿ, ತಂತಿಯ ತುದಿಯಲ್ಲಿ ಅಳೆಯುವ ವಿದ್ಯುತ್ ಉಪಕರಣ ಬಂತು. ಗುಂಡಿ ಒತ್ತಿದರೆ ಎಲ್ಲ ಆಳದ ಅಂಕಿ. ನೀವು ಅದಕ್ಕಿಂತ ಒಳ್ಳೆಯದನ್ನು ಬಳಸುತ್ತೀರಿ. ಅಂಕಿ ಈಗ ತಪ್ಪುವುದಿಲ್ಲ. ಅಂಕಿಯನ್ನು ಕೇಳಿದವರಿಗೆ ಹೇಳುವುದು ಮಾತ್ರ ಈಗಲೂ ನಿಮ್ಮ ಬಾಯಿಯೇ.

ಕೂಟದವರಿಗಾಗಿ ಒಂದು ಹಾಳೆ ಕನ್ನಡದಲ್ಲಿ ಬರೆದು ಹಂಚಿದೆ. ಮುಳುಗು ಹಾಕಲೇಬೇಕಿದ್ದರೆ ಸೆಪ್ಟೆಂಬರಿನಲ್ಲಿ ಹಾಕಿ. ಬೇರೆ ತಿಂಗಳಾದರೆ ದಂಡೆಯಲ್ಲಿ ನಿಂತು ಚೊಂಬಿನಲ್ಲಿ ನೀರು ಸುರಿದುಕೊಳ್ಳಿ, ಶಾಸ್ತ್ರ ಒಪ್ಪುತ್ತದೆಯೇ ಎಂದು ಪುರೋಹಿತರನ್ನು ನಾನು ಕೇಳಿದ್ದೇನೆ, ಒಪ್ಪುತ್ತದೆ. ಜತೆಗೆ ಇರುವವರು ಮುಳುಗುವವನ ಮುಖ ನೋಡಬೇಕು. ಬಾಯಿ ತೆರೆದು ಶಬ್ದ ಬರದಿದ್ದರೆ ಆ ಕ್ಷಣವೇ ಎಳೆದು ತರಬೇಕು. ಮುಳುಗುವ ಮನುಷ್ಯ ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಹಾಳೆಯಲ್ಲಿದ್ದದ್ದು ಅಷ್ಟೇ.

ಪದ್ಮಾಳ ಅಪಾರ್ಟ್‌ಮೆಂಟಿಗೆ ಹೋದದ್ದು ಅದಾದ ಮೇಲೆ. ಮಕ್ಕಳು ಶಾಲೆಗೆ ಹೋಗಿದ್ದವು. ಫೋನಿನಲ್ಲಿ ನಾನು ಹೇಳಿದ್ದನ್ನು ಒಂದು ಶಬ್ದವೂ ಬಿಡದೆ ಹೇಳಿದೆ. ಅವಳು ಅಳಲಿಲ್ಲ.

"ನಂಗೆ ಗೊತ್ತು ಇಂದಕ್ಕ. ನಾನು ಬೇಡ ಅಂದಿದ್ದೆ. ಬಾತ್‌ರೂಮಲ್ಲೇ ತಣ್ಣೀರು ಬಿಟ್ಕೊಂಡು ನಿಂತ್ಕೊಳ್ಳಿ, ದೇವರೇನು ನೋಡಲ್ವಾ ಅಂದೆ. ಇಂದಕ್ಕ ಅಳತೆ ಮಾಡಿ ಹೇಳಿದ್ದಾರೆ, ನಿಂದೇನು ಅಂದ್ರು."

ಟೇಬಲ್ಲಿನ ಮೇಲೆ ಮಕ್ಕಳ ಹೋಮ್‌ವರ್ಕು ಹರಡಿತ್ತು. ಅದನ್ನು ಒಂದೊಂದಾಗಿ ಜೋಡಿಸುತ್ತ ಅವಳು ಹೇಳಿದಳು: "ನಂಗೆ ಹೇಳಿ ಏನಾಗ್ಬೇಕು. ನಾಗೂಗೆ ಹೋಗಿ ಹೇಳಿ. ಅವನು ಊಟ ಬಿಟ್ಟಿದಾನೆ. ಫೋನು ಮಾಡಿದ್ರೆ ಎತ್ತಲ್ಲ. ಅಣ್ಣನೋ ತಮ್ಮನೋ ಅಂತ ನಂಗಿರೋದು ಅವನೊಬ್ಬನೇ."

ಮಾರನೆಯ ದಿನ ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಸರಿಯಾಗಿ ಗೋದಾಮಿಗೆ ಹೋದೆ. ಅವನು ಹಿಂಭಾಗದಲ್ಲಿ, ಲಾರಿಗೆ ಸಾಮಾನು ಏರಿಸುವ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಒಬ್ಬನೇ ಕೂತಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಪಕ್ಕದಲ್ಲಿ ಊಟದ ಡಬ್ಬಿ ಇರಲಿಲ್ಲ. ನಾನೂ ಪಕ್ಕದಲ್ಲಿ ಕೂತೆ. ಫೋನಿನ ಮಾತು ಹೇಳಿದೆ, ಎರಡು ಫಾರಂಗಳ ಮಾತು ಹೇಳಿದೆ, ತಪ್ಪು ನನ್ನದು ಎಂದೆ. ಅವನು ಕೇಳಿಸಿಕೊಂಡ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಒಂದಕ್ಕೇ ನಿಲ್ಲಿಸಿ ಕೈ ಹಿಡಿದು ಎಳ್ಕೊಂಡಿದ್ರೆ ಭಾವ ಉಳೀತಿದ್ರಾ?"

ಜೀವಮಾನವೆಲ್ಲ ಇದ್ದದ್ದನ್ನು ಇದ್ದ ಹಾಗೆ ಓದಿ ಬರೆದವಳು ನಾನು. ಆ ಪ್ರಶ್ನೆಯ ಉತ್ತರ ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದರೆ ಅವನು ನಂಬುತ್ತಿರಲಿಲ್ಲ. ಇಲ್ಲ ಎಂದರೆ ನಂಬಬೇಕೆಂದು ನಂಬುತ್ತಿದ್ದ, ನಾಲ್ಕು ದಿನ. ನಾನು ಹೌದು ಎಂದೆ. ಉಳಿಯುತ್ತಿದ್ದ.

ಅವನ ಮುಖ ನೋಡಲಿಲ್ಲ. ಉಳಿದದ್ದನ್ನೂ ಹೇಳಿದೆ.

"ನೀನು ಅವನ ಬೆನ್ನ ಹಿಂದೆ ನಿಂತಿದ್ದೆ ನಾಗೂ. ಅವನು ಕೆರೆಯ ಕಡೆ ಮುಖ ಮಾಡಿದ್ದ. ನಿಂಗೆ ಅವನ ಬಾಯಿ ಕಾಣಿಸಲಿಲ್ಲ. ಕಾಣಿಸಿದ್ದು ನಂಗೆ. ಬಾಯಿ ತೆರೆದಿತ್ತು, ಶಬ್ದ ಬರ್ತಿರಲಿಲ್ಲ. ಅದು ಏನು ಅಂತ ಆ ದಂಡೆ ಮೇಲೆ ಗೊತ್ತಿದ್ದವಳು ನಾನೊಬ್ಬಳೇ. ಕೈಯಲ್ಲಿ ಥರ್ಮಾಮೀಟರ್ ಇತ್ತು. ನೀರಿಂದ ತೆಗೆದ ಮೇಲೆ ತಕ್ಷಣ ಓದದಿದ್ರೆ ಅಂಕಿ ಕೆಡುತ್ತೆ. ಓದಿದೆ. ಇನ್ನೆರಡು ಇದೆಯಲ್ಲ, ಮುಗಿಸಿ ಬರ್ತಾನೆ ಅಂದ್ಕೊಂಡೆ. ನೀನು ಬಾಯಲ್ಲಿ ಎಣಿಸಿದೆ. ನಾನೂ ಎಣಿಸ್ತಾ ಇದ್ದೆ."

ಲಾರಿಯೊಂದು ಬಂದು ಹಿಂದೆ ಹಿಂದೆ ಸರಿದು ಕಟ್ಟೆಗೆ ತಾಗಿ ನಿಂತಿತು. ಯಾರೋ ಅವನ ಹೆಸರು ಕೂಗಿದರು. ಅವನು ಎದ್ದು, ಪ್ಯಾಂಟು ಕೊಡವಿಕೊಂಡು, ನನ್ನ ಕಡೆ ತಿರುಗಿದ.

"ಇದನ್ನ ನಮ್ಮಕ್ಕಂಗೆ ಹೇಳಿದೀರಾ?"

"ಇಲ್ಲ. ಫೋನಿಂದು ಮಾತ್ರ ಹೇಳಿದೆ."

"ಇದನ್ನ ಹೇಳ್ಬೇಡಿ. ಅವಳು ಬಾಯಿ ಬಿಟ್ಟು ಮಾತಾಡೋದು ನಿಮ್ಮನೇಲಿ ಒಂದೇ. ಅದೂ ಇಲ್ದಿದ್ರೆ ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತಾಳೆ?"

ಆ ಸಂಜೆ ಅವನು ಅಕ್ಕನ ಮನೆಗೆ ಹೋಗಿ ಊಟ ಮಾಡಿದನೆಂದು ಪದ್ಮಾ ಫೋನು ಮಾಡಿ ಹೇಳಿದಳು. ಏನು ಹೇಳಿದಿರಿ ಅವನಿಗೆ ಎಂದು ಕೇಳಿದಳು. ತಪ್ಪು ನನ್ನದೆಂದು ಹೇಳಿದೆ ಎಂದೆ. ಅವಳು ಅಷ್ಟಕ್ಕೇ ಬಿಟ್ಟಳು. ಅಂದಿನಿಂದ ಪ್ರತಿ ಭಾನುವಾರ ಅವಳೂ ಮಕ್ಕಳೂ ನಮ್ಮಲ್ಲಿ ಊಟಕ್ಕೆ ಬಂದರು. ಮಕ್ಕಳು ದೊಡ್ಡವರಾಗಿ ಬೇರೆ ಊರಿಗೆ ಹೋದ ಮೇಲೂ ಅವಳು ಬರುವುದು ನಿಲ್ಲಿಸಲಿಲ್ಲ. ನಮ್ಮ ಯಜಮಾನರು ತೀರಿಕೊಂಡಾಗ ತಿಂಗಳುಗಟ್ಟಲೆ ನನ್ನ ಜತೆ ಮಲಗಿದವಳು ಅವಳು. ಹೇಳ್ಬೇಡಿ ಎಂದ ನಾಗರಾಜನ ಮಾತನ್ನು ನಾನು ಉಳಿಸಿಕೊಂಡೆ ಎಂದುಕೊಳ್ಳುತ್ತಿದ್ದೆ. ಅವನ ಮಾತು ನನಗೆ ಅನುಕೂಲವೂ ಆಗಿತ್ತು.

ಹೋದ ವಾರ ನಾಗರಾಜನಿಗೆ ಫೋನು ಮಾಡಿ, ಮಕ್ಕಳಿಗಾಗಿ ಬರೆಯುತ್ತಿದ್ದೇನೆ, ಇದನ್ನು ಬಿಟ್ಟು ಬರೆದರೆ ಉಳಿದದ್ದೆಲ್ಲ ಫಲಕದ ಅಂಕಿಯಾಗುತ್ತದೆ ಎಂದೆ. ಅವನಿಗೂ ಈಗ ಅರವತ್ತು ದಾಟಿದೆ. ಬರೀರಿ, ಆದರೆ ಮಕ್ಕಳ ಕೈಗೆ ಹೋಗೋ ಮುಂಚೆ ಅಕ್ಕಂಗೆ ಗೊತ್ತಾಗಲಿ ಎಂದ.

ಪದ್ಮಾಳಿಗೆ ಈಗ ಸಣ್ಣ ಅಕ್ಷರ ಕಾಣಿಸುವುದಿಲ್ಲ. ನಾಳೆ ಹತ್ತು ಗಂಟೆಗೆ ಅವಳ ಮನೆಗೆ ಹೋಗಿ ಇದನ್ನು ಮೊದಲಿನಿಂದ ಓದಿ ಹೇಳುತ್ತೇನೆ. ಅವಳು ಬೇಡ ಎಂದರೆ ಇದು ನಿಮ್ಮ ಕೈಗೆ ಬರುವುದಿಲ್ಲ.